ಹೊರಗಿನ ಬೌಲರ್

ಕಾನ್ರಾಡ್ ತನ್ನ ಕ್ರಿಕೆಟ್ ತಂಡದ ನೀಲಿ ಜೆರ್ಸಿಯನ್ನು ಶವಪೆಟ್ಟಿಗೆಯ ಮೇಲೆ ಹೊದಿಸುತ್ತಿದ್ದಾಗ ರೊಸಲಿನ್ ಅವನ ಕೈ ಹಿಡಿದು ತಡೆದಳು.

"ಬೇಡ ಕಾನ್ರಾಡ್ ಬಾಬ್. ಮೊದಲು ನನ್ನ ಮಗಳ ಹತ್ರ ಸತ್ಯ ಹೇಳಿ. ಆಮೇಲೆ ಎಂತ ಬೇಕಾದ್ರೂ ಹಾಕಿ."

ಗಲ್ಫಿನ ಸೋನಾಪುರದ ಶವಾಗಾರದ ಹೊರಗೆ ಪ್ರಾರ್ಥನೆ ಆಗಷ್ಟೇ ಮುಗಿದಿತ್ತು. ಅವಳ ಗಂಡ ಜುವಾಕಿಂನ ಪೆಟ್ಟಿಗೆ ಸಂಜೆಯ ವಿಮಾನದಲ್ಲಿ ಮಂಗಳೂರಿಗೆ ಹೋಗಬೇಕು. ಬಿಸಿಲಲ್ಲಿ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದವರಲ್ಲಿ ಹೆಚ್ಚಿನವರು ಒಂದಲ್ಲ ಒಂದು ರಜೆಯ ಶುಕ್ರವಾರ ಅವನನ್ನು ತಮ್ಮ ತಂಡಕ್ಕೆ ಎಳೆದೊಯ್ದವರೇ. ನೈಫ್ ಪೇಟೆಯ ಅಂಗಡಿಯವರು, ದೂರದ ರುವೈಸ್ ಊರಿನ ಎಂಜಿನಿಯರುಗಳು, ಯಾರು ಕರೆದರೂ ಜುವಾಕಿಂ ಹೋಗುತ್ತಿದ್ದ, ಕೊಟ್ಟ ಜೆರ್ಸಿ ತೊಡುತ್ತಿದ್ದ, ಬಿರಿಯಾನಿ ತಿಂದು ಬರುತ್ತಿದ್ದ. ಟೆನಿಸ್ ಬಾಲಿನಲ್ಲಿ ಅವನಂಥ ಯಾರ್ಕರ್ ಹಾಕುವವರಿರಲಿಲ್ಲ. ಗೆದ್ದ ಮೇಲೆ ಫೋಟೋಕ್ಕೆ ಮಾತ್ರ ಬದಿಗೆ ನಿಲ್ಲಿಸುತ್ತಿದ್ದರು. ಹೊರಗಿನವನಲ್ಲವೇ!

"ಅದೆಲ್ಲ ಖಲಾಸ್ ಆದ ವಿಷಯ, ರೊಸಲಿನ್ ಬಾಯ್," ಎಂದ ಕಾನ್ರಾಡ್.

"ಮಮ್ಮಿ, ಲೀವ್ ಇಟ್," ಎಂದಳು ಮಗಳು ಜೋಯ್ಲಿನ್, ತಲೆ ಎತ್ತದೆ. "ಡ್ಯಾಡಿ ಚೀಟ್ ಮಾಡಿದ್ದು ಎಲ್ಲರಿಗೂ ಗೊತ್ತುಂಟು."

* * *

ನಾಲ್ಕು ವರ್ಷಗಳ ಹಿಂದೆ, ಕಂಪನಿಗಳ ಟೂರ್ನಿಯ ಫೈನಲ್. ಹೊರಗಿನವರು ಆಡಬಾರದೆಂಬ ನಿಯಮವಿತ್ತು. ಒಬ್ಬ ಹೊರಗಿನವನಿಲ್ಲದ ತಂಡ ಇರಲಿಲ್ಲ. ಕ್ಯಾಪ್ಟನ್ ಕಾನ್ರಾಡ್ ತನ್ನ ಆಫೀಸಿನ ಶಾನ್ ಎಂಬವನ ಐಡಿ ಕಾರ್ಡನ್ನು ಜುವಾಕಿಂನ ಜೇಬಿಗೆ ತುರುಕಿದ್ದ.

"ಹೆದರಬೇಡ ಮಾರಾಯ, ಯಾರಾದ್ರೂ ಕೇಳಿದ್ರೆ ನಾನಿದ್ದೇನೆ. ಕಪ್ ಬಂದ್ರೆ ನಮ್ಮ ಸ್ಟೋರಿನಲ್ಲಿ ನಿಂಗೆ ಕೆಲಸ ಗ್ಯಾರಂಟಿ."

ಹೋಟೆಲಿನ ಲಾಂಡ್ರಿಯಲ್ಲಿ ಬೆಂದು ಸಾಕಾಗಿದ್ದ ಜುವಾಕಿಂ ನಂಬಿದ. ಹ್ಯಾಟ್ರಿಕ್ ವಿಕೆಟ್ ಕಿತ್ತ. ಇವ ಹೊರಗಿನವನೆಂದು ಎದುರಿನವರು ಗಲಾಟೆ ಎಬ್ಬಿಸಿದರು. ಸಂಘಟಕರು ಅವನ ಜೇಬಿನ ಕಾರ್ಡ್ ತೆಗೆಸಿ, ಕೈಯಲ್ಲಿ ಹಿಡಿದು ಬಂದಾಗ ಅವನು ಕಾನ್ರಾಡನ ಮುಖ ನೋಡಿದ.

"ಕದ್ದು ತಂದಿರಬೇಕು," ಎಂದ ಕಾನ್ರಾಡ್, ಎಲ್ಲರಿಗೂ ಕೇಳುವ ಹಾಗೆ. "ನಮಗೆ ಗೊತ್ತೇ ಇರ್ಲಿಲ್ಲ."

ವಿಕೆಟ್ ಕೀಪರ್ ಮಾರ್ಸೆಲ್ ಬಗ್ಗಿ ಬೂಟಿನ ಲೇಸು ಕಟ್ಟತೊಡಗಿದ. ಬೌಂಡರಿ ಹಗ್ಗದ ಆಚೆ, ಅಪ್ಪನಿಗಾಗಿ ಚಪ್ಪಾಳೆ ತಟ್ಟುತ್ತಿದ್ದ ಜೋಯ್ಲಿನ್ ಕೈ ಕೆಳಗಿಳಿಸಿದಳು.

ಮತ್ತೆ ಯಾವ ತಂಡವೂ ಅವನನ್ನು ಕರೆಯಲಿಲ್ಲ. ಮಗಳಿಗಾದರೂ ಹೇಳು ಎಂದು ರೊಸಲಿನ್ ಗೋಗರೆದರೆ, "ನಾನು ಹೇಳಿದ್ರೆ ಕಳ್ಳನ ಮಾತಾಗ್ತದೆ. ಕಾನ್ರಾಡ್ ಬಂದು ಹೇಳ್ತಾನೆ, ಅವ ಒಳ್ಳೆಯವ," ಎನ್ನುತ್ತಿದ್ದ. ಆ ಒಳ್ಳೆಯವನನ್ನು ಕಾಯುತ್ತಲೇ ಪಾಪ ಹೋಗಿಬಿಟ್ಟ.

* * *

"ಕಾರ್ಡ್ ಕೊಟ್ಟದ್ದು ಯಾರು?" ರೊಸಲಿನ್ ಕೇಳಿದಳು.

"ಹೆಣದ ಮುಂದೆ ಇಂಥದ್ದೆಲ್ಲ ಮಾತಾಡ್ಬಾರ್ದು," ಎಂದ ಕಾನ್ರಾಡ್. "ಅವನಂಥ ಬೌಲರ್ ಇನ್ನು ಹುಟ್ಟುದಿಲ್ಲ."

ಹೊಗಳುವುದಕ್ಕೆ ಅವನ ನಾಲಿಗೆ ಎಷ್ಟು ಸಲೀಸಾಗಿ ಹೊರಳಿತು! ಜೋಯ್ಲಿನ್ ಈಗ ತಲೆ ಎತ್ತಿ, ಗುಂಪಿನಲ್ಲಿ ನಿಂತಿದ್ದ ಮಾರ್ಸೆಲ್‌ನತ್ತ ತಿರುಗಿದಳು.

"ಮಾರ್ಸೆಲ್ ಅಂಕಲ್, ಹೂ ಗೇವ್ ಡ್ಯಾಡಿ ದಟ್ ಕಾರ್ಡ್?"

ಮಾರ್ಸೆಲ್ ಬಾಯಿ ತೆರೆದ, ಕಾನ್ರಾಡನತ್ತ ನೋಡಿದ, ಬಾಯಿ ಮುಚ್ಚಿದ. ಅವಳಿಗೆ ಅಷ್ಟೇ ಸಾಕಾಯಿತು. ಅಪ್ಪ ಕಳ್ಳನಲ್ಲ ಎಂದು ತಿಳಿದ ಹೊತ್ತಿಗೆ ಅವನಿಗೆ ಅದನ್ನು ಹೇಳುವಂತಿರಲಿಲ್ಲ. ಅವಳು ಬಿಕ್ಕಿದಳು.

"ಯಲ್ಲಾ, ಯಲ್ಲಾ!" ವ್ಯಾನಿನ ಚಾಲಕ ಅವಸರಪಡಿಸಿದ. ಕಾನ್ರಾಡ್ ತಟಕ್ಕನೆ ಪೆಟ್ಟಿಗೆಯ ಮುಂದಿನ ಹಿಡಿಗೆ ಕೈ ಹಾಕಿದ.

ಜೋಯ್ಲಿನ್ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಿಡಿಯನ್ನು ತಾನೇ ಹಿಡಿದಳು. ಪೆಟ್ಟಿಗೆ ಅವಳ ಬದಿಗೆ ವಾಲಿತು. ಮಾರ್ಸೆಲ್ ಓಡಿಬಂದು ಕೈ ಚಾಚಿದ. ಅವಳು ಅವನನ್ನೂ ಮೊಣಕೈಯಿಂದ ತಳ್ಳಿದಳು.