ಗುಂಪಿಗೆ ಹಾಕಿದ ಸಾಕ್ಷಿ

“ಗುಂಪ ಯಾರ ಮಾಡ್ಯಾರ? ನಾ ಮಾಡೇನಿ. ಅದರಾಗ ಬಿದ್ದದ್ದೆಲ್ಲ ನಂದು. ಕೇಳಲಿಕ್ಕೆ ನೀ ಯಾವಾಕಿ, ಮುಂಡಿ?”

ಪುಸ್ತಕದ ಕಟ್ಟು ಬಿಚ್ಚುತ್ತಲೇ ಜೆರೋಮ ಬೊಗಳಿದ. ನಮ್ಮ ಬೀದರ ಚರ್ಚಿನ ಕಾರ್ಯದರ್ಶಿ. ಫೋನಿನಲ್ಲಿರುವ ನಮ್ಮ ಪ್ರಾರ್ಥನೆ ಗುಂಪಿನ ಅಡ್ಮಿನ್ ಕೂಡ ಅವನೇ. ನಾನು ಎಡಿತ, ಅದೇ ಚರ್ಚಿನ ಕಸ ಹೊಡೆಯುವವಳು. ಕಸಬರಿಗೆ ಕೈಯಲ್ಲೇ ಇತ್ತು.

ನನ್ನ ಗಂಡ ಅಮೋಸ ಡಾಬಕಾ ಊರಿನ ಸಾವಕಾರನ ಬಾವಿಗೆ ಹೂಳು ತೆಗೆಯಲು ಇಳಿದು ಸತ್ತ. ಅದನ್ನು ಒಂದೊಂದೇ ಅಕ್ಷರ ಒತ್ತಿ ಗುಂಪಿಗೆ ಹಾಕಿದ್ದೆ. ಈ ಪುಣ್ಯಾತ್ಮ ಅದನ್ನೆತ್ತಿ ತನ್ನ ಹೆಸರಿನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದ. ಹಾಕಿಸಿಕೊಂಡು ಸಾಯಲಿ. ಆದರೆ ಒಳಗೇನಿತ್ತು? ‘ಅಮೋಸನು ಕಾಲು ಜಾರಿ ಬಿದ್ದನು. ದೇವರ ಚಿತ್ತ. ಸಾವಕಾರರು ಕಣ್ಣೀರಿಟ್ಟರು.’ ಕಣ್ಣೀರಂತೆ! ಅಚ್ಚಿಗೆ ಖರ್ಚು ಮಾಡಿದವನೇ ಆ ಸಾವಕಾರ.

“ಸರ, ನಾ ಹಾಂಗ ಬರದಿಲ್ರಿ. ಹಗ್ಗ ಹರೀತರಿ. ಇದ್ದದ್ದು ಇದ್ದಾಂಗ ಹಾಕ್ರಿ, ಇಲ್ಲಂದ್ರ ಆ ಹಾಳಿ ತಗೀರಿ.”

“ನಿನ್ನ ಹೊಲಸ ಭಾಷಾ ತಿದ್ದೇನಿ, ನನ್ನ ಕಾಲ ಹಿಡಿಬೇಕಿತ್ತು ನೀ. ನಡಿ, ಖುರ್ಚಿ ಒರಸು. ಸಾವಕಾರ್ರು ಬರ್ತಾರ.”

ಒರೆಸಿದೆ. ಸಾವಕಾರ ಬಂದು ಅದರ ಮೇಲೇ ಕುಳಿತ.

ಪುಸ್ತಕ ಬಿಡುಗಡೆಯಾಯಿತು, ಚಪ್ಪಾಳೆಯಾಯಿತು. ಜೆರೋಮ ಮೈಕಿನ ಮುಂದೆ ದನಿ ನಡುಗಿಸುತ್ತ ಅಮೋಸನ ಸಾವು ಓದತೊಡಗಿದ. ನಮ್ಮ ಚರ್ಚಿನಲ್ಲಿ ಒಂದು ರೂಢಿಯಿದೆ. ಸಾಕ್ಷಿ ಅಂದರೆ ತಾವು ಕಂಡುಂಡದ್ದು, ಅದನ್ನು ಅನುಭವಿಸಿದವರೇ ಎದ್ದು ಸಭೆಗೆ ಹೇಳಬೇಕು. ಎದ್ದವರನ್ನು ನಡುವೆ ಯಾರೂ ಕೂರಿಸುವಂತಿಲ್ಲ.

ತಲೆ ಮೇಲೆ ಸೆರಗೆಳೆದುಕೊಂಡು ಎದ್ದೆ.

“ನಂದೊಂದು ಸಾಕ್ಷಿ ಅದರಿ.”

“ಏ ರಂಡಿ, ಕುಂಡ್ರ!” ಜೆರೋಮ ಮೈಕಿನಲ್ಲೇ ಒದರಿದ.

ಮುದಿ ಪಾಸ್ಟರ್ ಯೋಹಾನರು ತಲೆ ಎತ್ತಲಿಲ್ಲ. “ಸಾಕ್ಷಿಗಿ ನಿಂತಾಳ. ಹೇಳ್ಲಿ,” ಅಂದರು ಅಷ್ಟೆ.

“ಹಗ್ಗ ಸವದದ ಅಂತ ನನ್ನ ಗಂಡ ಬೇಡಕೊಂಡ. ಹೊಸಾ ಹಗ್ಗ ಎತ್ತಿಗಿ ಕಟ್ಟೇನಿ, ಬಿಚ್ಚಂಗಿಲ್ಲ, ಇಳೀ ಭಾಡ್ಯಾ ಅಂದ ಸಾವಕಾರ. ಇಲ್ಲೇ ಕುಂತಾನ ನೋಡ್ರಿ, ನಾ ಒರಸಿದ ಖುರ್ಚಿ ಮ್ಯಾಲ. ಅಮೋಸ ಜಾರಿಲ್ಲ. ಇವ ಕೊಂದಾನ. ಇದು ನನ್ನ ಸಾಕ್ಷಿ.”

ಸಾಕ್ಷಿ ಮುಗಿದರೆ ಸಭೆಯೆಲ್ಲ ಆಮೆನ್ ಅನ್ನಬೇಕು. ಗುಂಪಿನಲ್ಲಿ ದಿನಾ ಕೈಮುಗಿದ ಚಿತ್ರ ಹಾಕುವವರೆಲ್ಲ ತಮ್ಮ ತಮ್ಮ ಉಗುರು ನೋಡುತ್ತ ಕುಳಿತಿದ್ದರು. ಥೂ ಇವರ! ನಾನೇ ಆಮೆನ್ ಅಂದೆ.

ಜೆರೋಮ ಫೋನು ತೆಗೆದು ಹೆಬ್ಬೆರಳಿನಿಂದ ಒತ್ತಿದ. “ಗುಂಪಿನಿಂದ ತಗದೇನಿ ನಿನ್ನ. ಹೊರಗ ಬೀಳು.”

“ಬೀಳ್ತೇನಿ. ನಂದು ನಾ ಒಯ್ತೇನಿ.”

ಸಾವಕಾರನ ತೊಡೆಯ ಮೇಲಿದ್ದ ಪುಸ್ತಕ ಕಿತ್ತುಕೊಂಡು ಅಮೋಸನ ಹಾಳೆ ಹರಿದೆ. ಮಡಚಿ ಕುಪ್ಪಸದೊಳಗಿಟ್ಟೆ. ಬಾಗಿಲ ಬಳಿ ಉಳಿದ ಪುಸ್ತಕಗಳು ಕಟ್ಟುಕಟ್ಟಾಗಿದ್ದವು. ಹೋಗಿ ಅವುಗಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಇನ್ನೊಂದನ್ನು ಕೈಗೆತ್ತಿಕೊಂಡು ಅಮೋಸನ ಹಾಳೆ ಹುಡುಕಿದೆ.