ಹಲ್ಲಿನಲ್ಲಿ ಹಿಡಿದ ಬಲೆ

ರಾಧಾ ಜಾಲಹಳ್ಳಿ ಸ್ಟಾಪಿನಲ್ಲಿ ಬಸ್ಸು ಹತ್ತಿದಾಗ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಧೂಳಿಗೆ ಇರಬೇಕು ಅಂದುಕೊಂಡೆ. ನಾನು ಆ ಬಸ್ಸಿನ ಕಂಡಕ್ಟರ್. ರಾಯಚೂರು ಬಿಟ್ಟು ಕಲ್ಮಲ, ಮಸರಕಲ್ ದಾಟಿ, ದೇವದುರ್ಗದ ಮೇಲೆ ಹಾಯ್ದು ಜಾಲಹಳ್ಳಿ ಮುಟ್ಟಿ ತಿರುಗಿ ಬರುವುದು ನನ್ನ ಕೆಲಸ. ರಾಧಾ ನನ್ನ ಒಬ್ಬಳೇ ಮಗಳು. ಮದುವೆಯಾಗಿ ಹೊಳೆ ದಂಡೆಯ ಊರಿಗೆ ಹೋದ ಮೇಲೆ ವಾರಕ್ಕೊಮ್ಮೆ ನನ್ನ ಬಸ್ಸಿನ ಹೊತ್ತಿಗೆ ಬರುತ್ತಿದ್ದಳು. ದೇವದುರ್ಗದವರೆಗೆ ನನ್ನ ಪಕ್ಕ ಕೂತು, ಬಾಯಿ ತುಂಬ ಮಾತಾಡಿ, ಬೇರೆ ಬಸ್ಸಿಗೆ ವಾಪಸು ಹೋಗುತ್ತಿದ್ದಳು. ಅವತ್ತು ಮಾತೇ ಇರಲಿಲ್ಲ. ಬಸ್ಸು ತಗ್ಗಿಗೆ ಇಳಿದಾಗ ಸೆರಗು ಜಾರಿತು. ಕೆಳತುಟಿಯ ಎಡಮೂಲೆ ಒಡೆದು ಕಪ್ಪಾಗಿತ್ತು.

"ಏನಾತು?"

"ಬಾಗಿಲ ಬಡೀತು ಬೇ."

"ಯಾವ ಬಾಗಿಲ?"

"ಅಡಗಿ ಮನೀದು. ನೀ ಟಿಕೇಟ ಕೊಡು ಹೋಗು, ಹಿಂದ ಮಂದಿ ಕರಿಯಾಕತ್ತಾರ."

ಆ ಬಾಗಿಲು ನನಗೆ ಗೊತ್ತು. ರಾಧಾಳ ಅಪ್ಪ ಬದುಕಿದ್ದಾಗ ನಮ್ಮ ಮನೆಯಲ್ಲೂ ಅದು ನನಗೆ ಆಗಾಗ ಬಡಿಯುತ್ತಿತ್ತು. ನಮ್ಮವ್ವ ಕೇಳಿದರೆ, ಪಕ್ಕದ ಮನೆಯವರು ಕೇಳಿದರೆ, ಡಿಪೋದಲ್ಲಿ ಕೇಳಿದರೆ, ಬಾಗಿಲು ಬಡಿಯಿತು ಅನ್ನುತ್ತಿದ್ದೆ. ರಾಧಾ ಆಗ ಸಣ್ಣವಳು. ನನ್ನ ಸೀರೆ ಹಿಡಿದು ಪಕ್ಕದಲ್ಲೇ ನಿಂತಿರುತ್ತಿದ್ದಳು.

ಮುಂದಿನ ವಾರ ತುಟಿ ಮಾಯುತ್ತ ಬಂದಿತ್ತು, ಆದರೆ ಬಲಗೈ ಮಣಿಕಟ್ಟಿನ ಸುತ್ತ ಕೆಂಪಗೆ ಬಳೆಯ ಹಾಗೆ ಗುರುತು ಕೂತಿತ್ತು. ಯಾರೋ ಬಿಗಿಯಾಗಿ ಹಿಡಿದು ಎಳೆದ ಹಾಗೆ. ಈ ಸಲ ನಾನು ಏನೂ ಕೇಳಲಿಲ್ಲ. ಟಿಕೆಟ್ ತಗೊಳ್ಳದವನನ್ನು ಎಲ್ಲರೆದುರು ಕೇಳಿದರೆ ಅವನು ಇನ್ನೊಂದು ಕಥೆ ಕಟ್ಟುತ್ತಾನೆ. ಸುಮ್ಮನೆ ಬಿಟ್ಟು, ಇಳಿಯುವ ಹೊತ್ತಿಗೆ ಬಾಗಿಲಲ್ಲಿ ನಿಲ್ಲಬೇಕು.

ಅಳಿಯ ನಾಗೇಶ ಮೀನು ಹಿಡಿಯುವ ಮನೆಯವನು. ಮಾನ್ವಿಯ ನಮ್ಮಣ್ಣ ತಂದ ಸಂಬಂಧ. ನಾವೂ ಹೊಳೆ ಮಂದಿಯೇ, ಆದರೆ ನಮ್ಮಪ್ಪನ ಕಾಲಕ್ಕೇ ಬಲೆ ಬಿಟ್ಟು ರಾಯಚೂರು ಸೇರಿದವರು. ಹುಡುಗ ನೋಡಲು ಮೆತ್ತಗಿದ್ದ, ಕಣ್ಣೆತ್ತಿ ಮಾತಾಡುತ್ತಿರಲಿಲ್ಲ. ರಾಧಾಳ ಅಪ್ಪನೂ ನಮ್ಮ ಮದುವೆಯಲ್ಲಿ ಹಾಗೇ ಇದ್ದ.

ನನ್ನ ವಾರದ ರಜೆ ಬಂದ ದಿನ ಫೋನು ಮಾಡದೆ ಹೊರಟೆ. ಒಂದೇ ನಿರ್ಧಾರ ಮಾಡಿಕೊಂಡಿದ್ದೆ. ಹೊಡೆದದ್ದು ನಿಜವಾದರೆ ರಾಧಾಳನ್ನು ಅವತ್ತೇ ಕರೆದುಕೊಂಡು ಬರುವುದು, ಯಾರ ಪಂಚಾಯಿತಿಗೂ ಕೂರುವುದಿಲ್ಲ. ಅವಳಿಗೆಂದು ಒಂದು ಖಾಲಿ ಬ್ಯಾಗು ಮಡಚಿ ನನ್ನ ಚೀಲದಲ್ಲಿ ಇಟ್ಟುಕೊಂಡಿದ್ದೆ.

ಮನೆ ಮುಂದೆ ಬೇವಿನ ನೆರಳಲ್ಲಿ ನಾಗೇಶನ ತಾಯಿ ಆದೆಮ್ಮ ಹರಿದ ಬಲೆ ಹೊಲಿಯುತ್ತ ಕೂತಿದ್ದಳು. ನನ್ನನ್ನು ನೋಡಿ ಕೈ ನಿಂತಿತು.

"ಬರ್ರಿ ಬೀಗರ. ಒಂದು ಫೋನ್ ಮಾಡೂದಲ್ಲೇನ್ರಿ?"

"ಹಂಗ ಬಂದೆ. ರಾಧಾ ಎಲ್ಲಿ?"

"ಹೊಳಿಗೆ ಬಟ್ಟಿ ಒಗಿಯಾಕ ಹೋಗ್ಯಾಳ. ನಾಗೇಶನೂ ಬಲಿ ತಗೊಂಡು ಹೋದ. ಕುಂದರ್ರಿ, ಚಾ ಇಡ್ತೀನಿ."

ಬಟ್ಟೆಯ ಬಕೀಟು ಬಚ್ಚಲ ಕಟ್ಟೆಯ ಮೇಲೆ ಬೋರಲು ಬಿದ್ದಿತ್ತು. ಅದರ ಪಕ್ಕ ಸೋಪು ಒಣಗಿ ಬಿರುಕು ಬಿಟ್ಟಿತ್ತು. ಆದೆಮ್ಮ ಗೊತ್ತಿದ್ದೂ ಸುಳ್ಳು ಹೇಳಿದಳೋ, ಗೊತ್ತಿಲ್ಲದೆಯೋ, ಅವಳ ಮುಖದಲ್ಲಿ ಓದಲಾಗಲಿಲ್ಲ.

"ಚಾ ಬ್ಯಾಡ. ಹೊಳಿ ಕಡೆ ಹೋಗಿ ಬರ್ತೀನಿ."

"ಈ ಬಿಸಲಾಗ?" ಅಂದಳು. ನಾನು ತಿರುಗಿ ನೋಡಲಿಲ್ಲ. ಅವಳು ನೋಡುತ್ತಿದ್ದಾಳೆಂದು ಬೆನ್ನಿಗೇ ಗೊತ್ತಾಗುತ್ತಿತ್ತು.

ಬೇಸಿಗೆಯ ಕೃಷ್ಣೆ ನಡುವೆ ಎಲ್ಲೋ ಹರಿಯುತ್ತಿದ್ದಳು. ಈ ಕಡೆ ಬರೀ ಉಸುಕು, ಕಾಲಿಟ್ಟರೆ ಸುಡುತ್ತಿತ್ತು. ಬಟ್ಟೆ ಒಗೆಯುವ ಬಂಡೆಗಳ ಹತ್ತಿರ ಒಂದು ನರಪಿಳ್ಳೆಯೂ ಇರಲಿಲ್ಲ. ಜಾಲಿ ಪೊದೆಗಳ ಆಚೆಯಿಂದ ನಾಗೇಶನ ದನಿ ಕೇಳಿತು. ಮೆತ್ತಗಿನ ಹುಡುಗನ ದನಿಯಲ್ಲ ಅದು.

"ಎಷ್ಟ ಸರ್ತಿ ಹೇಳ್ಬೇಕ ನಿನಗ? ನಿನ್ನೆ ಹೇಳೀನಿ, ಮೊನ್ನೆ ಹೇಳೀನಿ. ಇವತ್ತೂ ಅದನ್ನ ಮಾಡ್ತಿ. ಹಲ್ಲು ಮುರಕೊಂಡ ಮ್ಯಾಲೆ ತಿಳೀತದೇನ್?"

ರಾಧಾಳ ಉತ್ತರ ಇಲ್ಲ. ನಾನೂ ಹಾಗೇ ಉತ್ತರ ಕೊಡದೆ ನಿಲ್ಲುತ್ತಿದ್ದೆ.

ಚಪ್ಪಲಿ ಅಲ್ಲೇ ಬಿಟ್ಟು ಓಡಿದೆ. ಮುಳ್ಳು ಸೀರೆ ಹಿಡಿದು ಎಳೆಯಿತು. ಪೊದೆ ದಾಟಿದರೆ ಎದುರಿಗೆ ಸಣ್ಣ ಮಡು, ಮೊಣಕಾಲು ನೀರಿನಲ್ಲಿ ರಾಧಾ ನಿಂತಿದ್ದಾಳೆ. ಸೀರೆ ಮೇಲಕ್ಕೆ ಕಚ್ಚೆ ಹಾಕಿದ್ದಾಳೆ. ಎಡ ಹೆಗಲ ಮೇಲೆ ಬೀಸುಬಲೆ, ಅದರ ಒಂದು ಪಾಲು ಮೊಳಕೈ ಮೇಲೆ, ಅಂಚು ಹಲ್ಲಿನಲ್ಲಿ. ಉತ್ತರ ಕೊಡಲು ಬಾಯಿಯೇ ಖಾಲಿ ಇರಲಿಲ್ಲ. ನಾಗೇಶ ದಂಡೆಯ ಮೇಲೆ ಕೂತಿದ್ದ. ನನ್ನನ್ನು ಕಂಡು ಎದ್ದು ನಿಂತ, ಮತ್ತೆ ಕೂರಲೋ ಬೇಡವೋ ಅನ್ನುವ ಹಾಗೆ ಅರ್ಧ ಬಗ್ಗಿದ.

"ಅತ್ತಿ..."

"ನೀ ಸುಮ್ಮನಿರು. ರಾಧಾ, ಮ್ಯಾಲ ಬಾ."

ರಾಧಾ ಬಲೆ ಉಗುಳಿದಳು. "ಯವ್ವಾ, ಸಣ್ಣಗ ಮಾತಾಡು. ಮಂದಿ ಬಂದಾರು."

"ಮಂದಿ ಬರ್ಲಿ ಅಂತನ ಬಂದೀನಿ. ನಿನ್ನ ತುಟಿಗೆ ಬಡದ ಬಾಗಿಲ ಎಲ್ಲಿ ಅದ, ತೋರಸು."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ನೋಟ ನನಗೆ ಸೇರಲಿಲ್ಲ. ಆಮೇಲೆ ರಾಧಾ ಹೇಳಿದಳು. ನಾಗೇಶ ಬಂಡೆ ಮೇಲೆ ಜಾರಿ ಬಿದ್ದು ಬಲ ಹೆಗಲು ಕೆಡಿಸಿಕೊಂಡಿದ್ದಾನೆ. ಉಣ್ಣಲು ಕೈ ಏಳುತ್ತದೆ, ಬಲೆ ಬೀಸಲು ಏಳುವುದಿಲ್ಲ. ಆ ಊರಲ್ಲಿ ದೊಡ್ಡ ಮಡುವಿಗೆ ಮನೆ ಮನೆಗೆ ಪಾಳಿ. ಪಾಳಿಯ ದಿನ ಮನೆಯ ಬಲೆ ನೀರಿಗೆ ಬೀಳದಿದ್ದರೆ ಪಾಳಿ ಮುಂದಿನ ಮನೆಗೆ ಹೋಗುತ್ತದೆ, ಆಮೇಲೆ ತಿರುಗಿ ಬರುವುದಿಲ್ಲ. ಆದೆಮ್ಮನಿಗೆ ತಿಳಿದರೆ ಪಾಳಿಯನ್ನು ನಾಗೇಶನ ಕಾಕಾನ ಮನೆಗೆ ಬಿಟ್ಟುಕೊಡುತ್ತಾಳೆ. ಹೆಂಗಸರು ಬಲೆ ಹೊಲಿಯಬಹುದು, ಮೀನು ಮಾರಬಹುದು, ಬೀಸುವ ಹಾಗಿಲ್ಲ. ಅದಕ್ಕೇ ಪಾಳಿಯ ದಿನ ನಸುಕಿನಲ್ಲಿ ರಾಧಾ ಬೀಸುತ್ತಾಳೆ, ಮಿಕ್ಕ ದಿನ ಮಂದಿ ಇಲ್ಲದ ಈ ಬಿಸಿಲಿನಲ್ಲಿ ಕಲಿಯುತ್ತಾಳೆ.

"ಬೀಸಿದ ಕೂಡಲೆ ಹಲ್ಲು ಬಿಡಬೇಕು ಬೇ. ನಾ ಬಿಡಲಿಲ್ಲ. ಬಲಿ ತುಟಿ ಹರಕೊಂಡು ಹೋತು."

"ಕೈ?"

"ಹಗ್ಗ ಕೈಗೆ ಕಟ್ಟಿಗೋಬೇಕು."

"ಅವತ್ತ ಬಾಗಿಲ ಅಂದಿ, ಇವತ್ತು ಬಲಿ ಅಂತಿ. ಮುಂದಿನ ವಾರ ಏನು, ಮೊಸಳಿ?"

"ನಿನಗ ಹೆಂಗ ಹೇಳ್ಲಿ? ಈ ಊರ ಮಂದೆಲ್ಲ ನಿನ್ನ ಬಸ್ಸಿಗೇ ಹತ್ತತಾರ."

ಕಥೆ ಸರಿಯಾಗಿಯೇ ಇತ್ತು. ಅಷ್ಟು ಸರಿಯಾಗಿದ್ದದ್ದೇ ನನಗೆ ಹಿಡಿಸಲಿಲ್ಲ. ನಾಗೇಶ ಉಸುಕು ಕೆದರುತ್ತಿದ್ದ. ಸೆರಗು ಸೊಂಟಕ್ಕೆ ಸಿಕ್ಕಿಸಿ ನೀರಿಗಿಳಿದೆ.

"ಕೊಡು ಇಲ್ಲಿ. ನನಗ ಕಲಿಸು."

"ಅತ್ತಿ, ನಿಮಗ್ಯಾಕ..."

"ತುಟಿ ಹೆಂಗ ಹರೀತದ ನೋಡ್ತೀನಿ."

ಅವನು ದಂಡೆಯ ಮೇಲೆ ನಿಂತು ಹೇಳಿಕೊಟ್ಟ. ಹಗ್ಗದ ಕುಣಿಕೆ ಬಲ ಮಣಿಕಟ್ಟಿಗೆ. ಬಲೆ ಮಡಚಿ ಕೈಗೆ, ಒಂದು ಪಾಲು ಎಡ ಮೊಳಕೈ ಮೇಲೆ. ಅಂಚಿನುದ್ದಕ್ಕೂ ಶೇಂಗಾಕಾಯಿಯಷ್ಟು ಸೀಸದ ಗುಂಡುಗಳು ಜೋತಾಡುತ್ತವೆ. ಗುಂಡು ಕಚ್ಚಬಾರದು, ಅದರ ಮೇಲಿನ ದಾರ ಕಚ್ಚಬೇಕು. ಬಾಯಿಗೆ ಪಾಚಿಯ ರುಚಿ, ಕಬ್ಬಿಣದ ರುಚಿ. ಒದ್ದೆ ಬಲೆ ಇಷ್ಟು ಭಾರ ಇರುತ್ತದೆಂದು ನನಗೆ ಗೊತ್ತಿರಲಿಲ್ಲ.

"ಸೊಂಟ ತಿರುಗಿಸ್ರಿ ಅತ್ತಿ, ಕೈಯಿಂದ ಒಗೀಬ್ಯಾಡ್ರಿ. ಬಲಿ ಕೈ ಬಿಟ್ಟಾಗ ಹಲ್ಲೂ ಬಿಡ್ರಿ."

ಬೀಸಿದೆ. ಬಲೆ ಒದ್ದೆ ಗೋಣಿಚೀಲದ ಹಾಗೆ ಎದುರಿಗೇ ದಪ್ಪನೆ ಬಿತ್ತು. ರಾಧಾ ನಗು ತಡೆಯಲು ಮುಖ ತಿರುಗಿಸಿದಳು. ಮತ್ತೆ ಬೀಸಿದೆ, ನಾನೇ ನೀರಿಗೆ ಬಿದ್ದೆ. ಮತ್ತೆ ಬೀಸಿದೆ. ಬಲೆ ಬಾಳೆ ಎಲೆಯ ಹಾಗೆ ಉದ್ದಕ್ಕೆ ಬಿಚ್ಚಿಕೊಂಡು ಬಿತ್ತು. ತೋಳು ಸೋತವು. ಮಣಿಕಟ್ಟು ನೋಡಿಕೊಂಡೆ, ಕೆಂಪಗೆ ಗುರುತು ಎದ್ದಿತ್ತು. ತುಟಿ ಮುಟ್ಟಿಕೊಂಡೆ, ಏನೂ ಆಗಿರಲಿಲ್ಲ.

"ನನ್ನ ತುಟಿ ಹರೀಲಿಲ್ಲಲ್ಲ?" ಅಂದೆ.

"ನೀವು ಹಲ್ಲು ಜಲ್ದಿ ಬಿಡ್ತೀರಿ," ಅಂದ ನಾಗೇಶ. "ಅದಕ್ಕ ಬಲಿ ಬಿಚ್ಚವಲ್ದು. ಈಕಿ ಬಿಡಂಗೇ ಇಲ್ಲ. ಹಟಮಾರಿ."

"ಈಗ ನೀ ಬೀಸು," ಅಂತ ರಾಧಾಳ ಕೈಗೆ ಕೊಟ್ಟೆ. ಅವಳು ನೋಡದೆಯೇ ಮಡಚಿಕೊಂಡಳು, ಕಚ್ಚಿದಳು, ಸೊಂಟ ತಿರುಗಿಸಿದಳು. ಬಲೆ ಗಾಳಿಯಲ್ಲಿ ದುಂಡಗೆ ಅರಳಿ, ಗುಂಡುಗಳೆಲ್ಲ ಒಂದೇ ಸಲ ನೀರಿಗೆ ಬಿದ್ದವು. ಒಂದೆರಡು ದಿನದಲ್ಲಿ ಬರುವ ಕೈ ಅಲ್ಲ ಅದು. ಹಾಗಾದರೆ ಕಲಿಯುತ್ತಿರುವುದು ಖರೆ. ಆದರೆ ಬಲೆ ಕಲಿಸುವವನು ಹೊಡೆಯುವುದಿಲ್ಲ ಅಂತ ಯಾರು ಹೇಳಿದರು?

ಅವಳು ಬಲೆ ಎಳೆದುಕೊಂಡ ಮೇಲೆ ಹತ್ತಿರ ಹೋಗಿ ಅವಳ ಗದ್ದ ಹಿಡಿದೆ. ಬಸ್ಸಿನಲ್ಲಿ ಸೆರಗು ಅಡ್ಡ ಇತ್ತು, ಸರಿಯಾಗಿ ನೋಡಿರಲಿಲ್ಲ. ಕೆಳತುಟಿ ಹೊರಳಿಸಿ ಒಳಗೆ ನೋಡಿದೆ. ಏಟು ತಿಂದ ತುಟಿ ಒಳಗಡೆ ಹರಿಯುತ್ತದೆ, ತನ್ನದೇ ಹಲ್ಲು ನಾಟಿ. ನನ್ನ ತುಟಿಯೊಳಗೆ ಆ ಗಂಟು ಇನ್ನೂ ಇದೆ, ನಾಲಿಗೆಗೆ ಸಿಗುತ್ತದೆ. ರಾಧಾಳ ತುಟಿಯ ಒಳಗೆ ನುಣ್ಣಗಿತ್ತು. ಗಾಯ ಹೊರಗೆ, ಮೂಲೆಯಿಂದ ಕೆಳಕ್ಕೆ, ದಾರ ಎಳೆದಷ್ಟು ಸಣ್ಣಗೆ.

ಗದ್ದ ಬಿಟ್ಟೆ. ನೀರಿನಲ್ಲೇ ಕೂತುಬಿಟ್ಟೆ.

"ಏನಾತ್ ಬೇ?"

"ಏನಿಲ್ಲ. ಬಿಸಲು."

ಅಷ್ಟರಲ್ಲಿ ನಾಗೇಶನ ಮುಖ ಬದಲಾಯಿತು. ಜಾಲಿ ಪೊದೆಯ ಹತ್ತಿರ ಆದೆಮ್ಮ ನಿಂತಿದ್ದಳು, ನನ್ನ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು. ಬೀಗತಿ ಚಾ ಬೇಡ ಅಂದು ಹೊಳೆಗೆ ಓಡಿದ್ದು ಅವಳಿಗೂ ಸರಿ ಕಂಡಿರಲಿಲ್ಲ. ಹೆಜ್ಜೆ ಹಿಡಿದು ಬಂದಿದ್ದಳು. ಸೊಸೆಯ ಕೈಯಲ್ಲಿ ಬಲೆ, ಅದರಲ್ಲಿ ಎರಡು ಜಿಲೇಬಿ ಮೀನು ಒದ್ದಾಡುತ್ತಿದ್ದವು.

"ನಾನು ಬೀಸಿದ್ದು," ಅಂದೆ ತಟ್ಟನೆ. "ರಾಧಾ ಹಿಡಕೊಂಡಾಳ ಅಷ್ಟ."

ಆದೆಮ್ಮ ನನ್ನ ಮಾತನ್ನು ಕೇಳಿಸಿಕೊಂಡಂತೆಯೂ ಕಾಣಲಿಲ್ಲ. "ನಾಗೇಶ, ಕೈ ಎತ್ತು," ಅಂದಳು.

ಅವನು ಎತ್ತಿದ. ಎದೆಯವರೆಗೆ ಬಂದು ಕೈ ನಿಂತಿತು.

"ಎಂದಿನಿಂದ?"

"ಬಿದ್ದಿದ್ದೆ ಯವ್ವಾ."

"ಕೇಳಿದ್ದು ಅದಲ್ಲ." ಆಮೇಲೆ ತಾನೇ ಬಿಟ್ಟುಬಿಟ್ಟಳು. ರಾಧಾಳ ಕಡೆ ನೋಡಿದಳು. "ಹಂಗಾರ ಪಾಳಿ ಮೀನು ನೀ ಹಿಡದಿದ್ದು. ನಾ ಮಂದಿ ಮುಂದ ನನ್ನ ಮಗ ನನ್ನ ಮಗ ಅಂತ ಕುಣದಿದ್ದು." ದನಿಯಲ್ಲಿ ಸಿಟ್ಟಿತ್ತೋ ಇನ್ನೇನೋ. "ಊರಾಗ ಯಾರಿಗರ ಗೊತ್ತದ?"

"ಇಲ್ಲ ಅತ್ತಿ."

"ಈಕಿಗೆ ಗೊತ್ತಾತಲ್ಲ." ಚಪ್ಪಲಿಯಿಂದಲೇ ನನ್ನನ್ನು ತೋರಿಸಿದಳು. "ಬಸ್ಸಿನ್ಯಾಗ ದಿನಾ ಇಡೀ ತಾಲ್ಲೂಕು ಹತ್ತಿಳೀತದ. ಸಂಜಿ ಅನ್ನೂದ್ರಾಗ ದೇವದುರ್ಗದ ಸಂತ್ಯಾಗ ಸುದ್ದಿ."

"ನಾ ಟಿಕೇಟ ಹರೀತೀನ್ರಿ, ಸುದ್ದಿ ಹಂಚಂಗಿಲ್ಲ."

"ಹಂಗಂತ ಯಾರು ನಂಬಬೇಕು? ಹೇಳದ ಕೇಳದ ಮನಿಗೆ ನುಗ್ಗಿ, ಬಚ್ಚಲಕಟ್ಟಿ ತನಕ ಕಣ್ಣಾಡಿಸಿ ಬಂದವ್ರು ನೀವು."

ನಾನು ನೋಡಿದ್ದನ್ನು ಅವಳು ನೋಡಿದ್ದಳು. ನಾನು ಸೀರೆ ಹಿಂಡುತ್ತ ಎದ್ದೆ. ನಾವಿಬ್ಬರೂ ಅಷ್ಟು ಹತ್ತಿರ, ಅಷ್ಟು ಹೊತ್ತು ಮುಖಕ್ಕೆ ಮುಖ ಕೊಟ್ಟು ನಿಂತದ್ದು ಅದೇ ಮೊದಲು.

"ಯಾರಿಗೂ ಹೇಳಂಗಿಲ್ಲ," ಅಂದೆ. "ಪಾಳಿ ಬಿಡಬ್ಯಾಡ್ರಿ, ಈಕಿ ಬೀಸ್ಲಿ. ಆದ್ರ ನನ್ನ ರಜಾದಿನ ನಾ ಬರ್ತೀನಿ. ನನಗೂ ಬಲಿ ಕಲಿಯೂದದ."

"ಬಲಿ ಕಲಿಯಾಕ ಬರ್ತೀರೋ, ನನ್ನ ಮಗನ್ನ ನೋಡಾಕ ಬರ್ತೀರೋ?"

"ಎರಡಕ್ಕೂ."

ನಾಗೇಶ ತಲೆ ತಗ್ಗಿಸಿದ. ಆದೆಮ್ಮ ಮಗನನ್ನು ನೋಡಿದಳು, ಸೊಸೆಯ ತುಟಿ ನೋಡಿದಳು. ನಾನು ಯಾಕೆ ಓಡಿಬಂದೆ ಅನ್ನುವುದು ಅವಳಿಗೆ ಆಗ ಹೊಳೆಯಿತೆಂದು ಕಾಣುತ್ತದೆ. ಚಪ್ಪಲಿ ನನ್ನ ಕಾಲ ಹತ್ತಿರ ಇಟ್ಟಳು.

"ಹಲ್ಲು ಜಲ್ದಿ ಬಿಡ್ತೀರಿ ನೀವು," ಅಂದಳು. "ಆಗಿಂದ ನೋಡಾಕತ್ತೀನಿ."

ಅವತ್ತು ಅಲ್ಲೇ ಉಂಡೆ, ಅವೆರಡು ಮೀನಿನ ಸಾರು. ರಾಧಾಳನ್ನು ಒಳಗೆ ಕರೆದು, ಬರ್ತಿ ಏನು ನನ್ನ ಕೂಡ, ಅಂತ ಒಂದು ಸಲ ಕೇಳಿದೆ. ನಾಳೆ ಪಾಳಿ ಅದ ಬೇ, ಅಂದಳು. ಸಂಜೆ ನಾಗೇಶ ನನ್ನನ್ನು ಬಸ್ಸಿನವರೆಗೆ ಬಿಡಲು ಬಂದ. ಎಡಗೈಯಲ್ಲಿ ನನ್ನ ಚೀಲ ಹಿಡಿದಿದ್ದ. ಬಸ್ಸಿನ ಮೆಟ್ಟಿಲ ಹತ್ತಿರ ಚೀಲ ಕೊಡುತ್ತ ಕೇಳಿದ.

"ಮುಂದಿನ ಸರ್ತಿ ಎಂದ ಬರ್ತೀರಿ ಅತ್ತಿ? ನಾ ಜಾಲಹಳ್ಳಿಗೆ ಬಂದು ಕರಕೊಂಡು ಹೋಗ್ತೀನಿ."

ಮುಖ ಮೆತ್ತಗೇ ಇತ್ತು. ಒಳ್ಳೆಯ ಹುಡುಗನೇ ಇರಬೇಕು.

"ಎಂದಂತ ಹೇಳಂಗಿಲ್ಲಪ್ಪ," ಅಂದೆ, ಬಸ್ಸು ಹತ್ತಿದೆ.