ಸಿಹಿ ಎನ್ನುವ ಕೆಲಸ

"ಏಯ್ ಮುಂಡೇಮಕ್ಳಾ, ಒಳಗೇನು ಹಾಸಿಗೆ ಹಾಸ್ಕೊಂಡು ಮಲಗಿದ್ದೀರೇನ್ರೋ? ಕೆರೆಯೋ ಸದ್ದೇ ಕೇಳ್ತಿಲ್ಲ!"

ಮೇಲಿನ ಕಿಂಡಿಯಲ್ಲಿ ಮೇಸ್ತ್ರಿಯ ತಲೆಯಷ್ಟೇ ಕಾಣುತ್ತಿತ್ತು. ಅವನ ಬೈಗುಳ ಕಬ್ಬಿಣದ ಗೋಡೆಗಳಿಗೆ ಬಡಿದು ಎರಡೆರಡು ಸಲ ಕೇಳಿಸುತ್ತಿತ್ತು. ಒಂದು ಬೈಗುಳವನ್ನು ಎರಡು ಸಲ ತಿನ್ನುವ ಭಾಗ್ಯ ಹಡಗಿನ ಟ್ಯಾಂಕು ಕೆರೆಯುವವರಿಗೆ ಬಿಟ್ಟರೆ ಬೇರೆ ಯಾರಿಗೂ ಇಲ್ಲ.

"ಕೆರೀತಾ ಇದೀವಿ ಮೇಸ್ತ್ರಿ," ಎಂದ ಲೋಟದಣ್ಣ, ಕತ್ತು ಎತ್ತದೆ.

"ಟ್ಯಾಂಕು ಕೆರೀತಿದ್ದೀಯೋ, ನಿನ್ನ ಮೈ ಕೆರ್ಕೋತಿದ್ದೀಯೋ? ನಾಳೆ ಸಾಹೇಬ ಬರ್ತಾನೆ. ಒಂದು ಹನಿ ಎಣ್ಣೆ ಉಳಿದ್ರೂ ನಿಮ್ಮ ನಾಲಿಗೇಲೇ ನೆಕ್ಕಿಸ್ತೀನಿ, ಬೋಳಿಮಕ್ಳಾ."

ತಲೆ ಮಾಯವಾಯಿತು. ಪಕ್ಕದಲ್ಲಿದ್ದ ಕೆಮ್ಮಣ್ಣ ಒಂದು ಸುತ್ತು ಕೆಮ್ಮಿ ಮುಗಿಸಿ, "ನೆಕ್ಕೋದಕ್ಕೆ ಅಂತ ನಿನ್ನನ್ನ ಇಟ್ಕೊಂಡಿದಾರಲ್ಲಣ್ಣ, ನಾವ್ಯಾಕೆ?" ಎಂದ. ಲೋಟದಣ್ಣನಿಗೆ ನಗು ಬಂತು. ಆದರೆ ನಗುವುದಕ್ಕೂ ಉಸಿರು ಬೇಕು, ಆ ಟ್ಯಾಂಕಿನೊಳಗೆ ಅದು ಅಷ್ಟು ಸಲೀಸಾಗಿ ಸಿಗುತ್ತಿರಲಿಲ್ಲ.

ವ್ಯಾಪಾರ ಸರಳವಾದದ್ದು. ಸಮುದ್ರದಾಚೆಯ ದೇಶದಲ್ಲಿ ನೆಲ ತೋಡಿದರೆ ಎಣ್ಣೆ, ಕುಡಿಯಲು ನೀರಿಲ್ಲ. ಈಚೆಯ ದೇಶದಲ್ಲಿ ನದಿಯಿದೆ, ಗಾಡಿ ಓಡಿಸಲು ಎಣ್ಣೆಯಿಲ್ಲ. ಎರಡೂ ಕಡೆಯ ದೊಡ್ಡವರು ಕೈಕುಲುಕಿ ಫೋಟೋ ತೆಗೆಸಿಕೊಂಡರು. ಎಣ್ಣೆ ತಂದ ಹಡಗು ಬರಿಹೊಟ್ಟೆಯಲ್ಲಿ ಯಾಕೆ ವಾಪಸು ಹೋಗಬೇಕು, ಅದೇ ಹೊಟ್ಟೆ ತೊಳೆದು ನೀರು ತುಂಬಿ ಕಳಿಸೋಣ ಎಂದು ಯಾರೋ ಪುಣ್ಯಾತ್ಮನಿಗೆ ಹೊಳೆಯಿತು. ತೊಳೆಯುವವರು ಯಾರು ಎಂದು ಆ ಫೋಟೋದಲ್ಲಿದ್ದ ಯಾರೂ ಕೇಳಲಿಲ್ಲ.

ಮೊದಲ ಸಲ ಹೋದ ನೀರಿಗೆ ಎಣ್ಣೆ ವಾಸನೆ ಇತ್ತಂತೆ. ಆಚೆಯವರು ರೇಗಿದರು. ಪರೀಕ್ಷೆ ಮಾಡುವ ಯಂತ್ರ ಉತ್ತರ ಹೇಳುವುದು ತಡ, ಮನುಷ್ಯನಾದರೆ ಬೇಗ. ಹಾಗಾಗಿ ಹೊಸ ಪದ್ಧತಿ ಬಂತು: ಟ್ಯಾಂಕು ಕೆರೆದವನೇ ಅದರ ಮೊದಲ ನೀರನ್ನು ಒಂದು ಲೋಟ ಕುಡಿದು ತೋರಿಸಬೇಕು. ಅದಕ್ಕೆಂದೇ ಒಂದು ಸ್ಟೀಲು ಲೋಟ ಇತ್ತು, ತಳದಲ್ಲಿ ಎರಡೂ ದೇಶದ ಮೊಹರು. ಬೇರೆ ಲೋಟ ನಡೆಯುವುದಿಲ್ಲ. ಕುಡಿದವನು ಬಾಯಿ ಅಗಲಿಸಿ, ನಾಲಿಗೆ ಎತ್ತಿ, ನುಂಗಿದ್ದನ್ನು ತೋರಿಸಬೇಕು. ಆಗ ಆಚೆ ದೇಶದ ಸಾಹೇಬ ತಾನು ಕಲಿತ ಈ ಕಡೆಯ ಒಂದೇ ಒಂದು ಮಾತು ಆಡುತ್ತಿದ್ದ: "ಸಿಹಿ?" ಇವನು "ಸಿಹಿ" ಅನ್ನಬೇಕು. ಸಾಹೇಬ ಹೆಬ್ಬೆರಳು ಎತ್ತಿದರೆ ನೀರು ಬಿಡುತ್ತಿದ್ದರು. ಮೊದಲು ಕುಡಿದವನೊಬ್ಬ ಸಾಹೇಬನ ಬೂಟಿನ ಮೇಲೇ ವಾಂತಿ ಮಾಡಿ ಕೆಲಸ ಕಳೆದುಕೊಂಡ. ಆವತ್ತು ಅವನ ಹಿಂದೆ ನಿಂತಿದ್ದ ತಪ್ಪಿಗೆ ಇವನು ಲೋಟದಣ್ಣನಾದ. ಹೆಂಡತಿ ಕರೆಯುತ್ತಿದ್ದ ಹೆಸರು ಅವಳ ಜೊತೆಗೇ ಮಣ್ಣಾಯಿತು.

ಅವನ ನಾಲಿಗೆ ಸತ್ತು ಎಷ್ಟೋ ಕಾಲವಾಗಿತ್ತು. ಅನ್ನಕ್ಕೂ ಎಣ್ಣೆಯ ರುಚಿ, ಸಕ್ಕರೆಗೂ ಎಣ್ಣೆಯ ರುಚಿ. ಇದು ಕೆಮ್ಮಣ್ಣನೊಬ್ಬನಿಗೆ ಗೊತ್ತಿತ್ತು. ಸಿಹಿ ಅನ್ನುವುದು ಕೆಲಸ, ಅಂದರೆ ಆಯಿತು.

ಸಂಜೆ ಮನೆಗೆ ಹೋದಾಗ ಹೊಸ್ತಿಲಾಚೆಯೇ ಕೂತ. ಮಗಳು ಹಸಿ ಬಾಣಂತಿ. ಮಗು ಹುಟ್ಟಿದಾಗಿನಿಂದ ಅವನು ಅದನ್ನು ಎತ್ತಿಕೊಂಡಿರಲಿಲ್ಲ. ಎಷ್ಟು ಉಜ್ಜಿದರೂ ಕೈಯ ಗೆರೆಗಳೊಳಗಿನ ಕಪ್ಪು ಹೋಗುತ್ತಿರಲಿಲ್ಲ. ಎರಡೂ ಕೈ ಕಂಕುಳಲ್ಲಿ ಸಿಕ್ಕಿಸಿಕೊಂಡು ದೂರದಿಂದಲೇ ನೋಡುತ್ತಿದ್ದ.

"ಇವತ್ತೂ ಕಣ್ಣು ಬಿಟ್ಟಿಲ್ವೇನಮ್ಮ?"

"ಎಲ್ಲಿ ಬಿಡುತ್ತಪ್ಪ, ಗೀಜು ಕಟ್ಟಿ ರೆಪ್ಪೆ ಅಂಟ್ಕೊಂಡಿದೆ." ಮಗಳ ದನಿಯಲ್ಲಿ ಅಳುವುದಕ್ಕೂ ಶಕ್ತಿ ಉಳಿದಿರಲಿಲ್ಲ. "ನರ್ಸಮ್ಮ ಔಷಧಿ ಕೊಟ್ಟಿದಾಳೆ. ಆದ್ರೆ ಮೊದಲು ಒಳ್ಳೇ ನೀರು ಕುದಿಸಿ, ಆರಿಸಿ, ಕಣ್ಣು ಒರೆಸ್ಬೇಕಂತೆ. ಹಿಂಗೇ ಬಿಟ್ರೆ ದೃಷ್ಟಿ ಹೋಗುತ್ತೆ ಅಂದ್ಳು. ಒಳ್ಳೇ ನೀರು ಎಲ್ಲಿಂದ ತರ್ಲಿ ನಾನು?"

ಹಡಗು ಬಂದು ನಿಂತರೆ ಆಳುಗಳ ಸಾಲುಮನೆಗಳ ನಲ್ಲಿ ಬಂದ್. ಒಂದೇ ಪೈಪು, ನೀರೆಲ್ಲ ಬಂದರಿಗೆ. ಒಂದು ಹಡಗು ಹೊರಡುವಷ್ಟರಲ್ಲಿ ಇನ್ನೊಂದು ಬರುತ್ತಿತ್ತು. ಉಳಿದದ್ದು ಹಿತ್ತಲಿನ ಬಾವಿ. ಅದರ ನೀರನ್ನು ಬಿಸಿಲಿಗೆ ಹಿಡಿದರೆ ಏಳು ಬಣ್ಣ ಮಿನುಗುತ್ತಿತ್ತು.

"ಒಂದು ಲೋಟ ಸಾಕಪ್ಪ," ಎಂದಳು ಮಗಳು. "ಒಂದೇ ಒಂದು ಲೋಟ."

ಅವನು ಎಷ್ಟು ಲೋಟ ಕುಡಿದು ಬಂದಿರಲಿಲ್ಲ!

ಮಾರನೆಯ ಬೆಳಿಗ್ಗೆ ದಡದ ಪೈಪನ್ನು ಹಡಗಿನ ಪೈಪಿಗೆ ಕೂಡಿಸಿದರು. ಕೂಡಿದ ಜಾಗದಲ್ಲಿ ಎಂದಿನಂತೆ ಸೋರುತ್ತಿತ್ತು. ನದಿಯಿಂದ ನೇರ ಬಂದ ನೀರು ತೆಳ್ಳಗೆ ಧಾರೆ ಕಟ್ಟಿ ಸಮುದ್ರಕ್ಕೆ ಬೀಳುತ್ತಿತ್ತು. ಲೋಟದಣ್ಣ ಮನೆಯಿಂದ ತಂದಿದ್ದ ಪುಟ್ಟ ಕ್ಯಾನನ್ನು ಅದರಡಿ ಹಿಡಿದ. ತಳ ಮುಚ್ಚುವಷ್ಟು ತುಂಬಿತ್ತು, ಮೇಸ್ತ್ರಿ ಒದ್ದ. ಕ್ಯಾನು ಉರುಳಿ ಸಮುದ್ರಕ್ಕೆ ಬಿತ್ತು.

"ಕಳ್ಳ ಸೂಳೆಮಗನೆ! ಯಾರಪ್ಪಂದು ಅಂದ್ಕೊಂಡಿದ್ದೀಯೋ ನೀರು?"

"ಮಗೂ ಕಣ್ಣಿಗೆ ಬೇಕಾಗಿತ್ತು ಮೇಸ್ತ್ರಿ. ಹೆಂಗೂ ಸಮುದ್ರಕ್ಕೆ ಸೋರಿ ಹೋಗ್ತಿತ್ತು..."

"ಹೋಗ್ಲಿ. ಸಮುದ್ರಕ್ಕಾದ್ರೂ ಹೋಗ್ಲಿ, ನಿನ್ನ ಮನೆಗಲ್ಲ. ಪೈಪಿಗೆ ಬಂತು ಅಂದ್ರೆ ಅದು ಆ ದೇಶದ್ದು. ನಿನ್ನ ಮಗಳಿಗೆ ಹೆರೋಕೆ ಹೇಳಿದ್ದು ಯಾರು, ನಾನಾ, ಸಾಹೇಬನಾ? ನಡಿ ಮೇಲೆ, ಬಾಯಿ ತೊಳ್ಕೊಂಡು ನಿಂತ್ಕೋ."

ಯಾವ ನೀರಲ್ಲಿ ಬಾಯಿ ತೊಳೆಯಬೇಕು ಎಂದು ಮೇಸ್ತ್ರಿ ಹೇಳಲಿಲ್ಲ. ಲೋಟದಣ್ಣ ತೇಲುತ್ತಿದ್ದ ಕ್ಯಾನನ್ನೊಮ್ಮೆ ನೋಡಿ ಹಡಗಿನ ಏಣಿ ಹತ್ತಿದ. ಸಿಟ್ಟು ಬರಬೇಕಿತ್ತು. ಬಂದದ್ದು ಸುಸ್ತು.

ಮೇಲೆ ಕೆಮ್ಮಣ್ಣ ಮತ್ತು ಉಳಿದವರು ಸಾಲಾಗಿ ನಿಂತಿದ್ದರು. ಸಾಹೇಬ ಕೊಡೆಯ ನೆರಳಲ್ಲಿ ಬಂದ. ಮೂಗಿಗೆ ಕರವಸ್ತ್ರ. ಟ್ಯಾಂಕಿಗೆ ಮೊದಲ ನೀರು ಬಿಟ್ಟು ನಿಲ್ಲಿಸಿದರು. ಮೇಸ್ತ್ರಿ ಬೀಗದ ಪೆಟ್ಟಿಗೆಯಿಂದ ಲೋಟ ತೆಗೆದು, ಹಗ್ಗಕ್ಕೆ ಕಟ್ಟಿ ಇಳಿಸಿ, ತುಂಬಿಸಿ, ಲೋಟದಣ್ಣನ ಕೈಗಿಟ್ಟ. "ಗಟಗಟ ಕುಡಿ. ಮುಖ ಕಿವುಚಬೇಡ."

ಲೋಟ ತುಟಿಯ ಹತ್ತಿರ ಬಂದು ನಿಂತಿತು. ಒಂದು ಲೋಟ ಸಾಕಪ್ಪ ಅಂದಿದ್ದಳು. ಇದೇ ನೀರನ್ನು ಒಯ್ದು ಮಗುವಿನ ಕಣ್ಣಿಗೆ ಹಾಕಲೇ ಎಂದುಕೊಂಡ. ಹಾಕಬಹುದೇ? ಇಷ್ಟು ವರ್ಷ ಕೇಳಿಕೊಳ್ಳದ ಪ್ರಶ್ನೆ ಅದು. ಲೋಟದೊಳಗೆ ನೋಡಿದ, ಮೂಸಿದ, ನಾಲಿಗೆ ತಾಗಿಸಿದ. ಏನೂ ತಿಳಿಯಲಿಲ್ಲ. ಆಚೆ ದೇಶದಲ್ಲೂ ಯಾರೋ ಬಾಣಂತಿ ಇದೇ ನೀರನ್ನು ಕಾಯಿಸುತ್ತಾಳೆ ಎಂದು ಆವತ್ತೇ ಮೊದಲು ಹೊಳೆದು, ಲೋಟವನ್ನು ತುಟಿಯಿಂದ ಇಳಿಸಿದ.

"ಕುಡಿಯೋ ಲೋಫರ್," ಎಂದ ಮೇಸ್ತ್ರಿ ಹಲ್ಲು ಕಚ್ಚಿ.

ಲೋಟದಣ್ಣ ಮುಂದೆ ನಡೆದು ಲೋಟವನ್ನು ಸಾಹೇಬನ ಮುಂದೆ ಹಿಡಿದ.

"ಸಿಹಿ?" ಎಂದ.

ಸಾಹೇಬನಿಗೆ ಆ ಮಾತು ಗೊತ್ತಿತ್ತಲ್ಲ. ಅವನು ಹಿಂದೆ ಸರಿದ. ಕೊಡೆ ಹಿಡಿದವನೂ ಹಿಂದೆ ಸರಿದ.

"ಸಾಹೇಬ್ರು ಒಂದು ಗುಟುಕು ಕುಡಿದು ಹೇಳ್ಲಿ, ಮೇಸ್ತ್ರಿ. ನನಗೆ ರುಚಿ ಗೊತ್ತಾಗಲ್ಲ. ಯಾವತ್ತೂ ಗೊತ್ತಾಗಿಲ್ಲ. ಸುಮ್ನೆ ಅಂತಿದ್ದೆ." ಲೋಟ ಈಗ ಮೇಸ್ತ್ರಿಯ ಕಡೆ ತಿರುಗಿತು. "ಇಲ್ಲಾ ನೀವು ಕುಡೀರಿ. ನಮ್ಮ ನಾಲಿಗೇಲಿ ನೆಕ್ಕಿಸ್ತೀನಿ ಅಂದ್ರಲ್ಲ, ಇವತ್ತು ನಿಮ್ಮ ನಾಲಿಗೆ ಕೊಡಿ."

ಮೇಸ್ತ್ರಿಯೂ ಒಂದು ಹೆಜ್ಜೆ ಹಿಂದೆ ಇಟ್ಟ. ಒಂದು ಲೋಟ ನೀರಿಗೆ ಇಡೀ ಹಡಗು ಹೆದರಿ ನಿಂತದ್ದನ್ನು ಲೋಟದಣ್ಣ ಕಣ್ಣಾರೆ ಕಂಡ. ಆಮೇಲೆ ಆ ನೀರನ್ನು ಸಾಹೇಬನ ಬೂಟಿನ ಪಕ್ಕಕ್ಕೆ ಸುರಿದು, ಏಣಿ ಇಳಿಯತೊಡಗಿದ.

"ಲೋಟ! ಲೋಟ ಕೊಡೋ ಹಲ್ಕಾ!" ಮೇಸ್ತ್ರಿಗೆ ಈಗ ಅರ್ಥವಾಯಿತು. ಆ ಲೋಟವಿಲ್ಲದೆ ಹೆಬ್ಬೆರಳಿಲ್ಲ, ಹೆಬ್ಬೆರಳಿಲ್ಲದೆ ನೀರಿಲ್ಲ. "ಏಯ್ ಕೆಮ್ಮಣ್ಣ, ಹಿಡಿಯೋ ಅವನನ್ನ!"

ಕೆಮ್ಮಣ್ಣ ಏಣಿಯ ಬಾಯಿಗೆ ಅಡ್ಡವಾಗಿ ಕುಕ್ಕರಿಸಿ ಕೆಮ್ಮತೊಡಗಿದ. ಅಂಥ ಕೆಮ್ಮನ್ನು ಅವನು ಎಷ್ಟು ದಿನದಿಂದ ಕೂಡಿಟ್ಟಿದ್ದನೋ, ಮುಗಿಯುವ ಲಕ್ಷಣವೇ ಇರಲಿಲ್ಲ. ಉಳಿದವರು ಅವನ ಬೆನ್ನು ನೀವುವ ನೆಪದಲ್ಲಿ ಸುತ್ತ ಕೂತರು. ಮೇಸ್ತ್ರಿಗೆ ದಾಟಲು ಜಾಗವಿರಲಿಲ್ಲ.

ಕೆಳಗೆ ಲೋಟದಣ್ಣ ಸೋರುವ ಧಾರೆಯಡಿ ಲೋಟ ಹಿಡಿದ. ತೊಳೆದ. ಮತ್ತೆ ತೊಳೆದ. ಕಂಠದವರೆಗೆ ತುಂಬಿಸಿದ. ಧೂಳು ಬೀಳದಂತೆ ಅಂಗೈ ಮುಚ್ಚಲು ಹೋಗಿ, ತನ್ನ ಅಂಗೈಯನ್ನೇ ನೋಡಿ ಬಿಟ್ಟುಬಿಟ್ಟ. ತಳವನ್ನಷ್ಟೇ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ನಡೆದ.

ಬಂದರಿನ ಗೇಟು ಮುಚ್ಚಿತ್ತು. ಹಡಗಿನ ಮೇಲಿಂದ ಮೇಸ್ತ್ರಿ ಕೂಗುತ್ತಿದ್ದ. ಕಾವಲಿನವನು ಲಾಠಿ ಅಡ್ಡ ಹಿಡಿದ. ಅವನದೂ ಅದೇ ಸಾಲಿನ ಮನೆ, ಅವನ ನಲ್ಲಿಯೂ ಒಣಗಿತ್ತು.

"ಒಳಗಿನ ಸಾಮಾನು ಹೊರಗೆ ಬಿಡಂಗಿಲ್ಲ ಅಣ್ಣ. ಲೋಟ ಇಟ್ಟು ಹೋಗು. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಇಡಲ್ಲ."

"ಹೊಡೀಬೇಕಾಗುತ್ತೆ."

"ಹೊಡಿ. ಕೈಗೆ ಮಾತ್ರ ಹೊಡೀಬೇಡಪ್ಪ, ಚೆಲ್ಲುತ್ತೆ."

ಕಾವಲಿನವನು ಲಾಠಿ ಎತ್ತಲೂ ಇಲ್ಲ, ಇಳಿಸಲೂ ಇಲ್ಲ. ಹಿಂದಿನಿಂದ ಬಂದರಿನ ಬೇರೆ ಕಾವಲಿನವರ ಬೂಟುಗಳು ಓಡಿಬರುವ ಸದ್ದು ಕೇಳಿಸಿತು. ಲೋಟದಣ್ಣ ತಿರುಗಿ ನೋಡದೆ, ಗೇಟಿನ ಸರಳಿಗೆ ಎದೆ ಒತ್ತಿ ನಿಂತು, ತೋಳುಗಳನ್ನು ಸರಳುಗಳ ನಡುವೆ ತೂರಿಸಿ ಲೋಟವನ್ನು ಹೊರಗೆ ಹಿಡಿದ. ಆಚೆ ರಸ್ತೆಯಲ್ಲಿ ಖಾಲಿ ಕೊಡ ಹೊತ್ತು ಹೋಗುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು.

"ತಗೊಳ್ಳಮ್ಮ," ಎಂದ. "ಸಾಲುಮನೇಲಿ ಕೊನೇ ಮನೆ. ಬಾಣಂತಿ ಇದಾಳೆ. ಚೆಲ್ಲಬೇಡ."